ದೇವರ ಪ್ರೀತಿ ಎಲ್ಲರಿಗೂ ಅನ್ನುವ ಚರಣಗಳನ್ನೇ ಯಾಕೆ ಬಿಟ್ಟು ಹಾಡ್ತೀವಿ?

ಹಾಸನದ ಆಲ್ಟೊ

ಎಲ್ಲರಿಗೂ ನಮಸ್ಕಾರ. ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯ ಕೆಲವು ಕ್ರೈಸ್ತ ಸಭೆಗಳ ಹಾಡುಗಾರರು ಸೇರಿ ಕ್ರಿಸ್‌ಮಸ್‌ಗೆ ಮುಂಚೆ ಒಂದು ಸಂಜೆ, ಪ್ರಸಂಗ (ಬೋಧನೆ) ಇಲ್ಲದೆ, ಬರೀ ಹಾಡಿನ ಆರಾಧನೆ ಮಾಡೋಣ ಅಂತ ಮಾತಾಗಿದೆ. ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಪ್ರೊಟೆಸ್ಟಂಟರು, ಕಥೋಲಿಕರು, ಹೊಸ ಸಭೆಗಳ ಹುಡುಗರು ಎಲ್ಲರೂ ಬರ್ತಾರೆ. ವಿಷಯ ದೇವರ ಕೃಪೆ, ಯಾರನ್ನೂ ಹೊರಗಿಡದ ಆತನ ಪ್ರೀತಿ. ಹಾಡು ಆರಿಸೋ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ.

ಪಟ್ಟಿ ಕೇಳೋಕೆ ಮುಂಚೆ ಮನಸ್ಸಲ್ಲಿರೋದನ್ನ ಹೇಳಿಬಿಡ್ತೀನಿ. ನಮ್ಮಲ್ಲಿ ಹಾಡು ಹೇಳುವಾಗ “ಒಂದನೇ ಚರಣ, ಎರಡನೇದು, ಕೊನೇದು” ಅನ್ನೋದು ರೂಢಿಯಾಗಿದೆ. ಹೊತ್ತಾಗುತ್ತೆ ಅಂತ ನಡುವಿನದನ್ನ ಬಿಡ್ತೀವಿ. ಆದರೆ ಹಳೇ ಗೀತೆಗಳನ್ನ ಪೂರ್ತಿ ಓದಿ ನೋಡಿ. ಮೊದಲ ಚರಣದಲ್ಲಿ ಹಾಡುವವರ ಮನಸ್ಸು, ಕೊನೆಯದರಲ್ಲಿ ಪರಲೋಕ. ಬಡವರು, ದೂರದಲ್ಲಿರುವವರು, ಬೇರೆ ಜನಾಂಗಗಳು, ತಪ್ಪಿ ಹೋದವರು, ಇವರೆಲ್ಲ ಬರೋದು ಹೆಚ್ಚಾಗಿ ನಡುವೆ. ನಾವು ಕತ್ತರಿಸೋದು ಅವರನ್ನೇ.

ಬೈಬಲಿನ 136ನೇ ಕೀರ್ತನೆ ತಗೊಳ್ಳಿ. 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಅನ್ನುವ ಪಲ್ಲವಿ. ಸೃಷ್ಟಿಯಿಂದ ಶುರುವಾಗಿ ಐಗುಪ್ತದ ಬಿಡುಗಡೆ, ಕೆಂಪು ಸಮುದ್ರ, ಆಮೇಲೆ ಸೀಹೋನ್, ಓಗ್ ಅನ್ನುವ ಅರಸರನ್ನು ಸೋಲಿಸಿದ್ದು. ಉದ್ದ ಆಯ್ತು ಅಂತ ಅಲ್ಲಿಗೇ ನಿಲ್ಲಿಸಿದರೆ ನಮ್ಮ ಬಾಯಲ್ಲಿ ಉಳಿಯೋದು ಗೆದ್ದವರ ಹಾಡು. 25ನೇ ವಚನದವರೆಗೂ ಹೋದವರಿಗೆ ಮಾತ್ರ ಆತ ಪ್ರತಿಯೊಂದು ಜೀವಿಗೂ ಆಹಾರ ಕೊಡುವವನು ಅನ್ನುವ ಮಾತು ಸಿಗುತ್ತೆ. ಇಸ್ರಾಯೇಲ್ಯರಿಗೆ ಮಾತ್ರ ಅಲ್ಲ, ಮನುಷ್ಯರಿಗೆ ಮಾತ್ರವೂ ಅಲ್ಲ. ಅಷ್ಟು ದೊಡ್ಡ ಮಾತನ್ನ ಮುಗಿಯೋ ಹೊತ್ತಿಗೆ ಇಟ್ಟಿದ್ದಾನೆ ಕೀರ್ತನೆಗಾರ.

ನನ್ನ ಬೇಡಿಕೆ ಇಷ್ಟೇ. ಹಾಡು ಕಡಿಮೆ ಆದರೂ ಪರವಾಗಿಲ್ಲ, ಹಾಡಿದ್ದನ್ನ ಪೂರ್ತಿ ಹಾಡೋಣ. ನಿಮ್ಮ ನಿಮ್ಮ ಕಡೆಯಿಂದ ಯಾವ ಗೀತೆ ತರಬಹುದು, ಹೇಳಿ.

ಎರಡನೇ ಗಿಟಾರ್

ಅಕ್ಕ, ನಾನು ಹೊಸ ಸಭೆಯವನು. ಒಂದು ವಿಷಯದಲ್ಲಿ ನಿಮ್ಮ ಜೊತೆ ಒಪ್ಪೋದು ಕಷ್ಟ. ನಮ್ಮ ಹಾಡುಗಳಲ್ಲಿ “ನನ್ನನ್ನು ಪ್ರೀತಿಸಿದೆ, ನನ್ನನ್ನು ಎತ್ತಿದೆ” ಅಂತ ಬಂದ ತಕ್ಷಣ ಅದು ಬರೀ ತನ್ನ ಬಗ್ಗೆ ಹಾಡೋದು ಅಂತ ಹಿರಿಯರು ಅಂದುಬಿಡ್ತಾರೆ. ಆದರೆ ಕೃಪೆ ಗೊತ್ತಾಗೋದೇ ಒಬ್ಬೊಬ್ಬರಿಗೆ. ಕುಡಿತ ಬಿಟ್ಟು ಬಂದ ಹುಡುಗ ನಮ್ಮಲ್ಲಿ ಕೈ ಎತ್ತಿ ಹಾಡುವಾಗ ಅವನು ಸರ್ವಲೋಕದ ಬಗ್ಗೆ ಯೋಚಿಸ್ತಾ ಇರಲ್ಲ. ಅವನ ಅಮ್ಮ ಪಕ್ಕದಲ್ಲಿ ಅಳ್ತಾ ನಿಂತಿರ್ತಾರೆ. ಅಷ್ಟು ಸಾಕು ಅವನಿಗೆ.

‘ಅಮೇಜಿಂಗ್ ಗ್ರೇಸ್’ ಅನ್ನುವ ಇಂಗ್ಲಿಷ್ ಗೀತೆ ಕೂಡ ಅಂಥದ್ದೇ ತಾನೇ? ಪೂರ್ತಿ ಒಬ್ಬ ಮನುಷ್ಯನ ಸಾಕ್ಷಿ. ಅದನ್ನ ಯಾರೂ ಸ್ವಾರ್ಥದ ಹಾಡು ಅನ್ನಲ್ಲ.

ಬೇಲೂರು ರಸ್ತೆ

ತಮ್ಮಾ, ‘ಅಮೇಜಿಂಗ್ ಗ್ರೇಸ್’ ವಿಷಯ ನೀನೇ ಎತ್ತಿದ್ದು ಒಳ್ಳೇದಾಯ್ತು. ಅದರ ಚರಿತ್ರೆ ನಿನ್ನ ಮಾತನ್ನೂ ಹಿಡಿಯುತ್ತೆ, ತಂಗಿಯ ಮಾತನ್ನೂ ಹಿಡಿಯುತ್ತೆ.

ಬರೆದವರು ಜಾನ್ ನ್ಯೂಟನ್. ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದವರು. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟರು, ಅದು ಎಲ್ಲರಿಗೂ ಗೊತ್ತಿರೋ ಕಥೆ. ಆದರೆ ಆ ಬಿರುಗಾಳಿ ಆದಮೇಲೂ ಅವರು ಗುಲಾಮರ ಹಡಗಿನ ಕಪ್ತಾನರಾಗಿಯೇ ಇದ್ದರು. ಸಮುದ್ರ ಬಿಟ್ಟಿದ್ದು 1754ರಲ್ಲಿ. ಓಲ್ನಿ ಅನ್ನುವ ಊರಲ್ಲಿ ಪಾದ್ರಿಯಾಗಿದ್ದಾಗ 1773ರ ಹೊಸ ವರ್ಷದ ಆರಾಧನೆಗೆ ಈ ಗೀತೆ ಸಿದ್ಧ ಮಾಡಿದರು, 1779ರಲ್ಲಿ ಅಚ್ಚಾಯ್ತು. ಗುಲಾಮರ ವ್ಯಾಪಾರ ಪಾಪ ಅಂತ ಬಹಿರಂಗವಾಗಿ ಬರೆದದ್ದು ಇನ್ನೂ ತಡವಾಗಿ, 1788ರಲ್ಲಿ. ಅಂದರೆ ತನ್ನನ್ನು ರಕ್ಷಿಸಿದ ಕೃಪೆಯನ್ನು ಅವರು ಮೊದಲು ಹಾಡಿದರು. ಆ ಕೃಪೆ ತನ್ನ ಹಡಗಿನ ಅಡಿಯಲ್ಲಿ ಸರಪಳಿ ಹಾಕಿಸಿಕೊಂಡು ಮಲಗಿದ್ದವರಿಗೂ ಸೇರಿದ್ದು ಅಂತ ಲೋಕದ ಮುಂದೆ ಹೇಳೋಕೆ ಅವರಿಗೆ ವರ್ಷಗಟ್ಟಲೆ ಹಿಡಿಯಿತು. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡರು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಈಗ ಎಲ್ಲರೂ ಕೊನೆಗೆ ಹಾಡುವ, “ಹತ್ತು ಸಾವಿರ ವರ್ಷ ಕಳೆದರೂ ನಮ್ಮ ಸ್ತುತಿ ಮುಗಿಯದು” ಅನ್ನುವ ಅರ್ಥದ ಚರಣ ನ್ಯೂಟನ್ ಬರೆದದ್ದಲ್ಲ. ಅದು ಬೇರೆ ಗೀತೆಯ ಚರಣ. 1852ರಲ್ಲಿ ಬಂದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಕಾದಂಬರಿಯಲ್ಲಿ ಗುಲಾಮನಾದ ಟಾಮ್ ಈ ಗೀತೆಯ ಚರಣಗಳ ಜೊತೆಗೆ ಅದನ್ನೂ ಸೇರಿಸಿ ಹಾಡ್ತಾನೆ. ಅಚ್ಚಿನ ಗೀತಪುಸ್ತಕಗಳಲ್ಲಿ ಅದು ಈ ಹಾಡಿನ ಕೊನೆಗೆ ಗಟ್ಟಿಯಾಗಿ ಕೂತದ್ದು 20ನೇ ಶತಮಾನದ ಶುರುವಿನಲ್ಲಿ. ಗುಲಾಮರ ಹಡಗಿನ ಕಪ್ತಾನ ಬರೆದ ಹಾಡನ್ನು ಗುಲಾಮರ ಮಕ್ಕಳು ತಮ್ಮದು ಮಾಡಿಕೊಂಡು ಹಾಡಿದರು. ದೇವರ ಪ್ರೀತಿ ಎಲ್ಲರಿಗೂ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆ ಸಂಜೆ ಈ ಹಾಡನ್ನ ಖಂಡಿತ ಇಟ್ಟುಕೊಳ್ಳಿ. ಹಾಡೋಕೆ ಮುಂಚೆ ಈ ಕಥೆಯನ್ನ ಯಾರಾದರೂ ಚಿಕ್ಕದಾಗಿ ಹೇಳಲಿ. ಬಿರುಗಾಳಿಯ ಕಥೆ ಮಾತ್ರ ಹೇಳಿ ಕೂತುಬಿಡಬೇಡಿ.

ಎರಡನೇ ಗಿಟಾರ್

ಅಣ್ಣಾ, ಕೊನೆಯ ಚರಣದ ವಿಷಯ ಇವತ್ತೇ ಕೇಳಿದ್ದು. ನಮ್ಮ ಹುಡುಗರಿಗೆ ಶನಿವಾರದ ಅಭ್ಯಾಸದಲ್ಲಿ ಹೇಳ್ತೀನಿ.

ಹಾಸನದ ಆಲ್ಟೊ

ಗಿಟಾರ್ ತಮ್ಮ, ‘ನಾನು’ ಅನ್ನೋದು ಬೇಡ ಅಂತ ನಾನು ಅಂದಿಲ್ಲಪ್ಪ. 103ನೇ ಕೀರ್ತನೆ ಶುರುವಾಗೋದೇ “ನನ್ನ ಮನವೇ, ಯೆಹೋವನನ್ನು ಕೊಂಡಾಡು” ಅಂತ. ನನ್ನ ಪಾಪ, ನನ್ನ ರೋಗ, ನನ್ನ ಜೀವ ಅಂತಲೇ ಹೋಗುತ್ತೆ. ಆಮೇಲೆ ಕುಗ್ಗಿಹೋದವರೆಲ್ಲರಿಗೂ ನ್ಯಾಯ, ತಂದೆ ಮಕ್ಕಳನ್ನು ಕನಿಕರಿಸುವ ಹಾಗೆ ಕನಿಕರ, ಕೊನೆಗೆ ದೂತರು, ಸೈನ್ಯಗಳು, ಆತನ ಆಳ್ವಿಕೆಯ ಎಲ್ಲ ಸ್ಥಳಗಳಲ್ಲಿರೋ ಎಲ್ಲ ಸೃಷ್ಟಿ. ಅಷ್ಟು ದೂರ ಹೋಗಿ ಮತ್ತೆ ಶುರುವಿನ ಮಾತಿಗೇ ಬಂದು ಮುಗಿಯುತ್ತೆ. ನಾವು ಶುರು ಮಾಡಿದ ಕಡೆಯೇ ನಿಂತುಬಿಡ್ತೀವಲ್ಲ, ನನ್ನ ಸಂಕಟ ಅದು. ನಿಮ್ಮ ಹುಡುಗ ಕೈ ಎತ್ತಿ ಹಾಡಲಿ. ಆಮೇಲಿನ ಚರಣ ಅವನ ಜೊತೆ ಇನ್ನೂ ಕುಡೀತಾ ಇರೋ ಅವನ ಸ್ನೇಹಿತನ ಬಗ್ಗೆ ಇರಲಿ.

ಗೊರೂರು ಹಿನ್ನೀರು

ಕಥೋಲಿಕರ ಕಡೆಯಿಂದ ನನ್ನ ಮಾತು. ನಮ್ಮ ತಾಯಿ ಕಡೆಯವರು ಶೆಟ್ಟಿಹಳ್ಳಿಯವರು. ಈಗ ಎಲ್ಲರೂ ಫೋಟೊ ತೆಗೆಯೋಕೆ ಹೋಗ್ತಾರಲ್ಲ, ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಗೆ ನೆಲದ ಮೇಲೆ ನಿಲ್ಲೋ ಜಪಮಾಲೆ ಮಾತೆಯ ದೇವಾಲಯ, ಅದು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಅಣೆಕಟ್ಟಿಗೆ ಊರು ಹೋಯಿತು, ಜನ ಬೇರೆ ಕಡೆ ಹೋದರು. ನೋಡೋಕೆ ಬಂದವರು ಗೋಡೆ, ಕಮಾನು ನೋಡಿ ಹೋಗ್ತಾರೆ. ಅಲ್ಲಿ ಜನ ಪ್ರಾರ್ಥನೆ ಮಾಡಿದ್ದರು, ಹಾಡಿದ್ದರು ಅನ್ನೋದನ್ನ ಯಾರೂ ಕೇಳಲ್ಲ. ಅದಕ್ಕೆ ಹೇಳಿದೆ.

ನಮ್ಮಲ್ಲಿ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೀತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯ ಬಗ್ಗೆ ದಸ್ತಾವೇಜು ಹೊರಡಿಸಿದ ಮೇಲೆ ಆಯಾ ನಾಡಿನ ಭಾಷೆಗೆ ದಾರಿಯಾಯಿತು. ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಮೈಸೂರಿನಿಂದ ಬೇರೆಯಾಗಿದ್ದೂ ಅದೇ 1963ರಲ್ಲಿ. ಹಾಗಾಗಿ ನಮ್ಮ ಧರ್ಮಕ್ಷೇತ್ರವೂ ಪೂಜೆಯಲ್ಲಿ ಕನ್ನಡವೂ ಹೆಚ್ಚುಕಡಿಮೆ ಒಟ್ಟಿಗೇ ಬೆಳೆದವು. ಪೂಜೆಯ ಕನ್ನಡ ಗಾಯನ ನಮಗೆ ಒಂದೆರಡು ತಲೆಮಾರಿನ ಹಿಂದೆಯಷ್ಟೇ ಸಿಕ್ಕಿದ್ದು. ಅದನ್ನ ಅರ್ಧಕ್ಕೆ ಕತ್ತರಿಸೋದು ನಮಗೆ ಮನಸ್ಸಿಗೆ ಬರಲ್ಲ, ಮೇಡಂ. ‘ಗ್ಲೋರಿಯಾ’ ಅನ್ನುವ ಪೂಜೆಯ ಸ್ತುತಿಗೀತೆಯನ್ನ ಪೂರ್ತಿ ಹಾಡಿಯೇ ಹಾಡ್ತೀವಿ. ಆದರೆ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಅದನ್ನ ಹಾಡಲ್ಲ. ನಿಮ್ಮ ಸಂಜೆ ಆಗಮನ ಕಾಲದಲ್ಲೇ ಬಂದರೆ ಅದನ್ನ ಪಟ್ಟಿಯಲ್ಲಿ ಸೇರಿಸಬೇಡಿ.

ಒಟ್ಟಿಗೆ ಹಾಡೋಕೆ ಒಂದು ಹೆಸರು ಹೇಳ್ತೀನಿ. ಫ್ರೆಡರಿಕ್ ಫೇಬರ್ ಅಂತ, ಇಂಗ್ಲೆಂಡಿನವರು. ಮೊದಲು ಆಂಗ್ಲಿಕನ್ ಪಾದ್ರಿ, 1845ರಲ್ಲಿ ಕಥೋಲಿಕರಾದರು. ದೇವರ ಕರುಣೆಯ ವಿಸ್ತಾರ ಸಮುದ್ರದ ಹಾಗೆ ಅನ್ನುವ ಅವರ ಗೀತೆ ಇವತ್ತು ಪ್ರೊಟೆಸ್ಟಂಟರೇ ಹೆಚ್ಚು ಹಾಡೋದು. ಮನುಷ್ಯನ ಮನಸ್ಸಿನ ಅಳತೆಗಿಂತ ದೇವರ ಪ್ರೀತಿ ಅಗಲ, ನಾವೇ ಸುಳ್ಳು ಗಡಿ ಹಾಕಿ ಅದನ್ನ ಕಿರಿದು ಮಾಡ್ತೀವಿ ಅಂತ ಅದರಲ್ಲಿ ಬರುತ್ತೆ. ಇದನ್ನ ಕನ್ನಡದಲ್ಲಿ ಹಾಡುವ ಹಾಗೆ ಯಾರಾದರೂ ಮಾಡಿಕೊಟ್ಟರೆ ಎರಡೂ ಕಡೆಯವರು ಎದೆತುಂಬಿ ಹಾಡಬಹುದು.

ಮೂಡಿಗೆರೆ ತೋಟ

ಭಾಷೆ ವಿಷಯವನ್ನೂ ಇಲ್ಲೇ ಮಾತಾಡಿಬಿಡೋಣ. ನಮ್ಮ ಕಡೆ ಕಾಫಿ ತೋಟಗಳಲ್ಲಿ ಒಂದೇ ದೇವಾಲಯಕ್ಕೆ ಬರೋವ್ರಲ್ಲಿ ಮನೆಯಲ್ಲಿ ಕೊಂಕಣಿ ಆಡೋರು ಇದ್ದಾರೆ, ತಮಿಳು ಆಡೋರು ಇದ್ದಾರೆ, ಕನ್ನಡದವರು ಇದ್ದಾರೆ. ಹಬ್ಬದ ದಿನ ಯಾವ ಭಾಷೆಯ ಹಾಡು ಮೊದಲು ಅನ್ನೋದಕ್ಕೇ ಮುಖ ಸಣ್ಣ ಮಾಡಿಕೊಂಡು ಹೋದವರನ್ನ ನೋಡಿದ್ದೀನಿ. ಎಲ್ಲರನ್ನೂ ಪ್ರೀತಿಸುವ ದೇವರ ಬಗ್ಗೆ ಹಾಡ್ತಾ ಹಾಡ್ತಾನೇ ತೋಟದ ಕೂಲಿಯವರ ಹಾಡನ್ನ ಕೊನೆಗೆ, ಜನ ಎದ್ದು ಹೋಗೋ ಹೊತ್ತಿಗೆ ಇಟ್ಟರೆ ಆ ಪ್ರೀತಿಗೆ ಏನು ಬೆಲೆ?

ಹಾಸನದ ಸಂಜೆ ಕನ್ನಡದಲ್ಲೇ ನಡೆಯಲಿ, ಅದು ನಮ್ಮೆಲ್ಲರ ಊರ ಭಾಷೆ. ಆದರೆ ಕೊಂಕಣಿಯದು ಒಂದು, ತಮಿಳಿನದು ಒಂದು ನಡುವೆ ಇರಲಿ. ಅವರಿಗೇ ಬಿಡಿ, ಅವರೇ ಆರಿಸಲಿ.

ಹಾಸನದ ಆಲ್ಟೊ

ಖಂಡಿತ ಅಣ್ಣ. ಆ ಎರಡು ಹಾಡೂ ನಡುವೆಯೇ ಬರ್ತವೆ.

ಕಡೂರು ಕಡೆಯವನು

ಎಲ್ಲರೂ ಹುಮ್ಮಸ್ಸಿನಲ್ಲಿ ಮಾತಾಡ್ತಾ ಇದ್ದೀರಿ, ಸಂತೋಷ. ನನಗೊಂದು ಆತಂಕ ಇದೆ. ದೇವರ ಪ್ರೀತಿ ಎಲ್ಲರಿಗೂ ಅಂತ ಹಾಡೋದು ಬೇರೆ, ಎಲ್ಲರೂ ಹೇಗಿದ್ದರೂ ನಡೆಯುತ್ತೆ ಅನ್ನೋದು ಬೇರೆ. ಪಶ್ಚಾತ್ತಾಪ, ನಂಬಿಕೆ, ಶಿಲುಬೆ ಇವುಗಳ ಮಾತೇ ಇಲ್ಲದೆ ಬರೀ ಪ್ರೀತಿ ಪ್ರೀತಿ ಅಂತ ಹಾಡಿದರೆ ಕೇಳೋಕೆ ಇಂಪಾಗಿರುತ್ತೆ, ಒಳಗೆ ಏನೂ ಇರಲ್ಲ. ಹಾಡು ಆರಿಸುವಾಗ ಇದನ್ನೂ ನೋಡಿ ಅಂತ ಕೇಳಿಕೊಳ್ತೀನಿ.

ಬೇಲೂರು ರಸ್ತೆ

ನೀವು ಹೇಳೋದು ಸರಿ ಇದೆ ಸರ್. ಆದರೆ ಈ ಜಗಳ ಹೊಸದಲ್ಲ. ನಮ್ಮ ಹಾಸನದ ಪ್ರೊಟೆಸ್ಟಂಟ್ ಸಭೆಗಳ ಬೇರಿನಲ್ಲೇ ಇದು ಇದೆ.

ಈ ಭಾಗಕ್ಕೆ ಬಂದವರು ವೆಸ್ಲಿಯನ್ ಮಿಷನ್ನಿನವರು. ಹಾಸನದ ರೆಡ್‌ಫರ್ನ್ ಆಸ್ಪತ್ರೆ ಅವರ ಕಾಲದ್ದೇ. 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. ಆದಾಗ ಆ ಧಾರೆ ಅದರಲ್ಲಿ ಸೇರಿಕೊಂಡಿತು. ಈ ವೆಸ್ಲಿಯನ್ನರ ಮೂಲಪುರುಷರು ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಅನ್ನುವ ಅಣ್ಣತಮ್ಮಂದಿರು. ದೇವರು ಕೆಲವರನ್ನು ಮಾತ್ರ ರಕ್ಷಣೆಗೆ ಮೊದಲೇ ಆರಿಸಿದ್ದಾನೆ ಅಂತ ಅವರ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ನಂಬಿದ್ದರು. ಜಾನ್ ವೆಸ್ಲಿ 1739ರಲ್ಲಿ ಅದಕ್ಕೆ ವಿರುದ್ಧವಾಗಿ ಪ್ರಸಂಗ ಮಾಡಿ ಕೃಪೆ ಎಲ್ಲರಿಗೂ ಉಚಿತ ಅಂದರು. ತಮ್ಮ ಚಾರ್ಲ್ಸ್ ಅದೇ ಮಾತನ್ನ ಹಾಡು ಮಾಡಿದರು. 1741ರಲ್ಲಿ ದೇವರ ನಿತ್ಯಪ್ರೀತಿಯ ಬಗ್ಗೆಯೇ ಗೀತೆಗಳ ಪುಸ್ತಕ ಬಂತು. ಯೇಸು ಸತ್ತದ್ದು ಎಲ್ಲರಿಗಾಗಿ, ಒಬ್ಬರನ್ನೂ ಬಿಡದೆ ಎಲ್ಲರಿಗಾಗಿ ಅಂತ ಹೇಳಿದ್ದನ್ನೇ ಹೇಳ್ತಾರೆ ಅದರಲ್ಲಿ. 1747ರಲ್ಲಿ ಬಂದ ‘ಲವ್ ಡಿವೈನ್, ಆಲ್ ಲವ್ಸ್ ಎಕ್ಸೆಲಿಂಗ್’ ಕೂಡ ಅದೇ ಕೈಯಿಂದ.

ಆದರೆ ಅವರು ಯಾರೂ ಹೇಗಿದ್ದರೂ ನಡೆಯುತ್ತೆ ಅನ್ನಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ ಅಂದರು, ಒಳಗೆ ಬರೋದು ಬಿಡೋದು ಮನುಷ್ಯನಿಗೆ ಬಿಟ್ಟದ್ದು ಅಂದರು. ಅದಕ್ಕೇ ಆ ಗೀತೆಗಳಲ್ಲಿ ಅಷ್ಟೊಂದು ಕರೆಯುವಿಕೆ, ಬೇಡಿಕೆ. ಕಲ್ಲಿದ್ದಲ ಗಣಿಯವರ ಮುಂದೆ, ಜೈಲಿನಲ್ಲಿ ನೇಣಿಗೆ ಹೋಗುವವರ ಮುಂದೆ ನಿಂತು ಸಾರಿದ ಜನ ಅವರು. ಶಿಲುಬೆಯ ಮಾತು ಅವರ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತೆ.

ಇನ್ನೊಂದು ಮಾತು. ‘ರಾಕ್ ಆಫ್ ಏಜಸ್’ ಬರೆದ ಆಗಸ್ಟಸ್ ಟಾಪ್ಲೇಡಿ ಈ ವಿಷಯದಲ್ಲಿ ಜಾನ್ ವೆಸ್ಲಿಯ ಕಡುವಿರೋಧಿ. ಇಬ್ಬರೂ ಒಬ್ಬರ ಮೇಲೊಬ್ಬರು ಕಟುವಾಗಿ ಬರೆದುಕೊಂಡವರು. ಆ ಗೀತೆ ಅಚ್ಚಾದದ್ದು 1776ರ ಸುಮಾರಿಗೆ, ಜಗಳ ಕಾವೇರಿದ್ದ ಕಾಲದಲ್ಲೇ. ಇವತ್ತು ಗೀತಪುಸ್ತಕಗಳಲ್ಲಿ ವೆಸ್ಲಿಯ ಹಾಡೂ ಟಾಪ್ಲೇಡಿಯ ಹಾಡೂ ಅಕ್ಕಪಕ್ಕ ಇವೆ. ವೈಟ್‌ಫೀಲ್ಡ್ 1770ರಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಅವರಿಗಾಗಿ ಶ್ರದ್ಧಾಂಜಲಿ ಪ್ರಸಂಗ ಮಾಡಿದ್ದು ಜಾನ್ ವೆಸ್ಲಿಯೇ.

ಕಡೂರು ಕಡೆಯವನು

ಇದನ್ನ ಇಷ್ಟು ವಿವರವಾಗಿ ನನಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಟಾಪ್ಲೇಡಿಯದೂ ಒಂದು ಇರಲಿ, ವೆಸ್ಲಿಯದರ ಪಕ್ಕದಲ್ಲೇ. ಶಿಲುಬೆಯ ಮಾತು ಅದರಲ್ಲಿ ಗಟ್ಟಿಯಾಗಿದೆ.

ಶ್ರುತಿಪೆಟ್ಟಿಗೆ

ನಾನು ಸಂಗೀತ ಹೇಳಿಕೊಡುವವಳು, ಚಿಕ್ಕಮಗಳೂರಿನವಳು. ಸಾಹಿತ್ಯದ ಬಗ್ಗೆ ಸಾಕಷ್ಟು ಮಾತಾಯಿತು, ಧಾಟಿ ಬಗ್ಗೆ ಹೇಳ್ತೀನಿ. ಚರಣ ಬಿಡೋದಕ್ಕೆ ಅದೂ ಒಂದು ಕಾರಣ.

ಇಂಗ್ಲಿಷ್ ಧಾಟಿಗಳಲ್ಲಿ ಹಲವು ತಾಳದ ಪೆಟ್ಟಿಗೆ ಮುಂಚೆಯೇ ಒಂದು ಸಣ್ಣ ಸ್ವರದಿಂದ ಶುರುವಾಗ್ತವೆ. ಅವರ ಭಾಷೆಯಲ್ಲಿ ಸಾಲಿನ ಮೊದಲಿಗೆ ಹಗುರವಾದ ಪದ ಬಂದು, ಒತ್ತು ಆಮೇಲೆ ಬೀಳುತ್ತೆ. ಕನ್ನಡದಲ್ಲಿ ಪದದ ಮೊದಲ ಅಕ್ಷರಕ್ಕೇ ಬಲ. ಪದವನ್ನ ಹಾಗೇ ತುರುಕಿದರೆ ಬಲವಾದ ಅಕ್ಷರ ಹಗುರ ಸ್ವರದ ಮೇಲೆ, ವಿಭಕ್ತಿ ಪ್ರತ್ಯಯ ಪೆಟ್ಟಿನ ಮೇಲೆ ಕೂತುಬಿಡುತ್ತೆ. ದೀರ್ಘ ಹ್ರಸ್ವ ಅದಲುಬದಲಾಗುತ್ತೆ. ಮೊದಲ ಚರಣ ಅಭ್ಯಾಸದ ಬಲದಿಂದ ಸಾಗುತ್ತೆ. ಮೂರನೆಯದಕ್ಕೆ ಬಂದಾಗ ಜನ ತಡವರಿಸ್ತಾರೆ, ಮುಂದಿನ ವಾರ ಅದನ್ನ ಬಿಟ್ಟುಬಿಡ್ತಾರೆ. ಸೋಮಾರಿತನ ಅಂತ ಅವರನ್ನ ಬಯ್ಯೋದು ತಪ್ಪು.

ಇದನ್ನ ಹಳಬರು ಬಲ್ಲವರಾಗಿದ್ದರು. ನಿಘಂಟಿನ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದವರು. 1862ರಲ್ಲಿ ಯೇಸುವಿನ ಚರಿತ್ರೆಯನ್ನ ‘ಕಥಾಮಾಲೆ’ ಅಂತ ನಮ್ಮ ದೇಸಿ ಛಂದಸ್ಸಿನಲ್ಲೇ ಬರೆದರು. ನಾಗವರ್ಮನ ಛಂದೋಗ್ರಂಥವನ್ನ 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ್ದೂ ಅವರೇ. ಜರ್ಮನಿಯಿಂದ ಬಂದ ಮನುಷ್ಯ ಕನ್ನಡದ ಮಾತ್ರೆ ಲೆಕ್ಕವನ್ನ ಅಷ್ಟು ಶ್ರದ್ಧೆಯಿಂದ ಕಲಿತರು. ನಾವು ಇಲ್ಲೇ ಹುಟ್ಟಿದವರು, ಧಾಟಿಗೆ ಪದ ಹೊಂದಿಸುವಾಗ ಅಷ್ಟಾದರೂ ಯೋಚನೆ ಮಾಡಬೇಕು.

ಎಲ್ಲ ಪರದೇಶದ ಧಾಟಿಯೂ ಕಷ್ಟ ಅಂತ ಅಲ್ಲ. ‘ಅಮೇಜಿಂಗ್ ಗ್ರೇಸ್’ ಧಾಟಿ ನೋಡಿ. ಅದೂ ನ್ಯೂಟನ್ ಕಾಲದ್ದಲ್ಲ, 1835ರಲ್ಲಿ ಅಮೆರಿಕದಲ್ಲಿ ವಿಲಿಯಂ ವಾಕರ್ ಈ ಪದಗಳಿಗೆ ಅದನ್ನ ಜೋಡಿಸಿದ್ದು. ಅದರಲ್ಲಿರೋದು ಐದೇ ಸ್ವರ: ಸ ರಿ ಗ ಪ ದ. ನಮ್ಮ ಮೋಹನದ ಸ್ವರಗಳು! ನಡೆ ಮೂರು ಎಣಿಕೆಯದು. ಮೊದಲ ಪಾಠಕ್ಕೆ ಬರೋ ಮಕ್ಕಳಿಗೂ ಒಂದೇ ಸಲಕ್ಕೆ ಹಿಡಿಯುತ್ತೆ. ಶುರುವಿನ ಸಣ್ಣ ಸ್ವರಕ್ಕೆ “ಓ” ಅಂತಲೋ “ಆ” ಅಂತಲೋ ಇಟ್ಟುಕೊಂಡು ಕನ್ನಡ ಪದವನ್ನ ಪೆಟ್ಟಿನ ಮೇಲೆ ಶುರುಮಾಡಿ, ಆಗ ಸರಾಗವಾಗಿ ಬರುತ್ತೆ. ತಬಲಾ ಇದ್ದರೆ ದಾದ್ರಾ ಸಾಕು, ದೊಡ್ಡ ಡ್ರಮ್ ಬೇಡ.

136ನೇ ಕೀರ್ತನೆಗೆ ಧಾಟಿ ಹುಡುಕಬೇಡಿ. ಭಜನೆ ಥರ ಒಬ್ಬರು ಹೇಳಲಿ, ಪಲ್ಲವಿಯನ್ನ ಎಲ್ಲರೂ ಹೇಳಲಿ. ಪಲ್ಲವಿ 26 ಸಲ ಬರುತ್ತೆ, ಪುಸ್ತಕವೇ ಬೇಡ. ಓದೋಕೆ ಬರದ ಅಜ್ಜಿಯೂ ಆ ಸಂಜೆ ಎಲ್ಲರ ಸಮ ಹಾಡ್ತಾರೆ.

ಎರಡನೇ ಗಿಟಾರ್

ಟೀಚರ್, ಡ್ರಮ್ ಬಗ್ಗೆ ಮಾತ್ರ ಬೇಡಿಕೊಳ್ತೀನಿ. 150ನೇ ಕೀರ್ತನೆಯಲ್ಲಿ ಕೊಂಬು, ವೀಣೆ, ದಮ್ಮಡಿ, ಕೊಳಲು, ದೊಡ್ಡ ತಾಳ ಎಲ್ಲ ಇದೆ. ಆ ಒಂದು ಕೀರ್ತನೆಗಾದರೂ ಬಾರಿಸೋಕೆ ಬಿಡಿ. ಅದು ಮುಗಿಯೋದೂ ಉಸಿರಿರುವುದೆಲ್ಲ ಸ್ತುತಿಸಲಿ ಅಂತಲೇ. ಅಕ್ಕ ಕೇಳ್ತಿರೋ ‘ಎಲ್ಲ’ ಅದರಲ್ಲಿ ಇದೆ.

ಶ್ರುತಿಪೆಟ್ಟಿಗೆ

ಆ ಒಂದಕ್ಕೆ ಬಾರಿಸಪ್ಪ, ಧಾರಾಳವಾಗಿ ಬಾರಿಸು.

ಅರಸೀಕೆರೆ ಪ್ಯಾಸೆಂಜರ್

ನಾನು ಕ್ರೈಸ್ತನಲ್ಲ. ಮಿಷನ್ ಶಾಲೆಯಲ್ಲಿ ಓದಿದವನು, ಆಗ ಕಲಿತ ಹಾಡುಗಳು ಇನ್ನೂ ನೆನಪಿವೆ. ಮಾತಾಡಬಹುದು ಅಂದುಕೊಂಡು ಬರೀತಿದ್ದೀನಿ.

ಸಮುದ್ರವೆಲ್ಲ ಮಸಿ, ಆಕಾಶವೆಲ್ಲ ಕಾಗದ, ಪ್ರತಿಯೊಬ್ಬನೂ ಲಿಪಿಕಾರ ಆದರೂ ದೇವರ ಪ್ರೀತಿಯನ್ನ ಬರೆದು ಮುಗಿಸೋಕಾಗಲ್ಲ ಅಂತ ಒಂದು ಇಂಗ್ಲಿಷ್ ಗೀತೆ ಇದೆ. 1917ರಲ್ಲಿ ಫ್ರೆಡರಿಕ್ ಲೇಮನ್ ಬರೆದದ್ದು. ಆ ಚರಣ ಅವರದ್ದಲ್ಲ. 11ನೇ ಶತಮಾನದಲ್ಲಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿದ್ದ ಮೇಯರ್ ಅನ್ನುವ ಯೆಹೂದಿ ಗುರು ಅರಮಾಯ ಭಾಷೆಯಲ್ಲಿ ಬರೆದ ಸ್ತುತಿಯಿಂದ ಬಂದದ್ದು. ಯೆಹೂದ್ಯರು ವಾರಗಳ ಹಬ್ಬದಲ್ಲಿ ಅದನ್ನ ಇವತ್ತೂ ಹೇಳ್ತಾರೆ.

ನಮ್ಮ ಮನೆಯಲ್ಲಿ ತಂದೆಯವರು ಶಿವಮಹಿಮ್ನ ಸ್ತೋತ್ರ ಹೇಳ್ತಿದ್ದರು. ಪುಷ್ಪದಂತನ ಹೆಸರಲ್ಲಿರೋದು. ಅದರಲ್ಲೂ ಹೀಗೇ ಬರುತ್ತೆ: ಕಪ್ಪು ಬೆಟ್ಟದಷ್ಟು ಕಾಡಿಗೆ, ಸಮುದ್ರವೇ ದೌತಿ, ಕಲ್ಪವೃಕ್ಷದ ಕೊಂಬೆಯೇ ಲೇಖನಿ, ಭೂಮಿಯೇ ಹಾಳೆ, ಶಾರದೆಯೇ ಎಲ್ಲ ಕಾಲಕ್ಕೂ ಬರೆಯುತ್ತಾ ಕೂತರೂ ನಿನ್ನ ಗುಣಗಳಿಗೆ ಕೊನೆ ಸಿಗದು ಅಂತ. ಯಾರಿಂದ ಯಾರಿಗೆ ಹೋಯಿತು ಅನ್ನೋ ತರ್ಕಕ್ಕೆ ನಾನು ಹೋಗಲ್ಲ. ಎರಡನ್ನೂ ಕೇಳಿ ಬೆಳೆದವನಿಗೆ ಎರಡರಲ್ಲೂ ಕಣ್ಣು ತುಂಬುತ್ತೆ. ಆ ಸಂಜೆ ಹೊರಗಿನವರು ಬರಬಹುದಾ?

ಹಾಸನದ ಆಲ್ಟೊ

ಸರ್, ದಯವಿಟ್ಟು ಬನ್ನಿ, ಮನೆಯವರನ್ನೂ ಕರಕೊಂಡು ಬನ್ನಿ. ನೀವು ಹೇಳಿದ ಚರಣವನ್ನ ಖಂಡಿತ ಹಾಡ್ತೀವಿ. ಯೋಹಾನನ ಸುವಾರ್ತೆ ಮುಗಿಯೋದೂ ಯೇಸು ಮಾಡಿದ್ದನ್ನೆಲ್ಲ ಬರೆದರೆ ಲೋಕವೇ ಹಿಡಿಸದಷ್ಟು ಪುಸ್ತಕಗಳಾದಾವು ಅನ್ನುವ ಮಾತಿನಿಂದಲೇ. ಹಾಡೋಕೆ ಮುಂಚೆ ಆ ವಚನ ಓದಿಸ್ತೀನಿ.

ಎಲ್ಲರೂ ಹೇಳಿದ್ದನ್ನ ಬರೆದಿಟ್ಟುಕೊಂಡಿದ್ದೀನಿ. 117ನೇ ಕೀರ್ತನೆಯಿಂದ ಶುರು ಮಾಡೋಣ ಅಂತಿದ್ದೀನಿ. ಎರಡೇ ವಚನ, ಕೀರ್ತನೆಗಳಲ್ಲೆಲ್ಲ ಚಿಕ್ಕದು. ಆದರೂ ಕರೆಯೋದು ಎಲ್ಲ ಜನಾಂಗಗಳನ್ನ. ಆಮೇಲೆ 136, ಕೇಳಿ ಹೇಳೋ ರೀತಿಯಲ್ಲಿ, 26 ವಚನವೂ. ವೆಸ್ಲಿ, ಪಕ್ಕದಲ್ಲಿ ಟಾಪ್ಲೇಡಿ. ಫೇಬರ್ ಗೀತೆಗೆ ಕನ್ನಡ ಪದ ಕಟ್ಟೋ ಕೆಲಸ ಶ್ರುತಿಪೆಟ್ಟಿಗೆ ಮೇಡಂ ಮತ್ತು ಗೊರೂರಿನವರು ಸೇರಿ ಮಾಡಿಕೊಡಬೇಕು. ನಡುವೆ ಕೊಂಕಣಿ, ತಮಿಳು. ನ್ಯೂಟನ್ ಕಥೆಯನ್ನ ಬೇಲೂರು ರಸ್ತೆ ಅಣ್ಣನೇ ಹೇಳಲಿ. 150ಕ್ಕೆ ಡ್ರಮ್.

ಜಾನ್ ವೆಸ್ಲಿ 1761ರಲ್ಲಿ ಹಾಡುವವರಿಗೆ ಅಂತ ಕೆಲವು ಸೂಚನೆ ಬರೆದಿದ್ದರು. ಎಲ್ಲರೂ ಹಾಡಿ, ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ಅದನ್ನೇ ಶಿಲುಬೆ ಅಂತ ಹೊತ್ತು ಹಾಡಿ, ಧೈರ್ಯವಾಗಿ ಹಾಡಿ, ಆದರೆ ಬೇರೆಯವರ ದನಿ ಮುಳುಗೋ ಹಾಗೆ ಅರಚಬೇಡಿ, ಎಳೆದೆಳೆದು ಹಿಂದೆ ಬೀಳಬೇಡಿ ಅಂತ. ಅಭ್ಯಾಸಕ್ಕೆ ಬರೋವ್ರಿಗೆ ಅದನ್ನ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸ್ತೀನಿ.

ಗೊರೂರು ಹಿನ್ನೀರು

ಪದ ಕಟ್ಟೋಕೆ ನಾನು ತಯಾರು. ಮೇಡಂ, ನೀವು ಧಾಟಿಯ ಮಾತ್ರೆ ಲೆಕ್ಕ ಸಾಲುಸಾಲಾಗಿ ಬರೆದು ಕಳಿಸಿ. ಮತ್ತೆ ಆಲ್ಟೊ ಮೇಡಂ, ನಮ್ಮ ಕಡೆ ಫಾದರ್ ಒಪ್ಪಿಗೆ ಬೇಕಾಗುತ್ತೆ, ದಿನಾಂಕ ಬೇಗ ಹೇಳಿ.

ಮೂಡಿಗೆರೆ ತೋಟ

ಕೊಯ್ಲಿನ ಕಾಲ, ನೆನಪಿರಲಿ. ತೋಟದಿಂದ ಬರೋವ್ರಿಗೆ ಭಾನುವಾರ ಸಂಜೆ ಬಿಟ್ಟರೆ ಬೇರೆ ದಿನ ಆಗಲ್ಲ. ಎಲ್ಲರೂ ಬರಬೇಕು ಅಂದರೆ ಭಾನುವಾರವೇ ಇಡಿ.